ಬಾಂಬರ್ ಕಮಾಂಡ್: ಹಾರಿದವರು, ಹಾರಿಸಿದವರು

ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿ ಶತ್ರುದೇಶದ ಒಳನಾಡಿಗೆ ಹೋಗಿ ಬಾಂಬು ಹಾಕುವುದಕ್ಕೆಂದೇ 1936ರ ಜುಲೈ 14ರಂದು ಕಟ್ಟಿದ ವಿಭಾಗ ಬಾಂಬರ್ ಕಮಾಂಡ್. ಎರಡನೇ ಮಹಾಯುದ್ಧದಲ್ಲಿ ಇದರ ವಿಮಾನಗಳಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ 55,573 ಮಂದಿ ಸತ್ತರು, 9,838 ಮಂದಿ ಸೆರೆಸಿಕ್ಕರು, 8,403 ಮಂದಿ ಗಾಯಗೊಂಡರು. ಇಷ್ಟು ಪ್ರಮಾಣದ ಸಾವು ಕಂಡ ಪಡೆಗಳು ಆ ಯುದ್ಧದಲ್ಲಿ ಹೆಚ್ಚಿಲ್ಲ. ಜರ್ಮನಿಯ ಸಬ್‌ಮೆರೀನ್ ನಾವಿಕರ ಪಾಡು ಇನ್ನೂ ಕೆಟ್ಟದ್ದಾಗಿತ್ತು. ಸತ್ತವರ ಸರಾಸರಿ ವಯಸ್ಸು ಇಪ್ಪತ್ತೆರಡು, ಇಪ್ಪತ್ತಮೂರರ ಆಸುಪಾಸು. ಎಲ್ಲರೂ ತಾವಾಗಿ ಮುಂದೆ ಬಂದವರು; ಹಾರುವ ಕೆಲಸಕ್ಕೆ ಯಾರನ್ನೂ ಬಲವಂತವಾಗಿ ಸೇರಿಸುತ್ತಿರಲಿಲ್ಲ.

ಈ ಪಡೆಯ ಚರಿತ್ರೆಯನ್ನು ಸಾಮಾನ್ಯವಾಗಿ ವಿಮಾನಗಳ ಹೆಸರು, ಹಾಕಿದ ಬಾಂಬಿನ ತೂಕ, ಸುಟ್ಟ ಊರುಗಳ ಪಟ್ಟಿಯಾಗಿ ಬರೆಯುತ್ತಾರೆ. ಸಿಬ್ಬಂದಿಯ ಅನುಭವವೆಂದರೂ ಒಂದು ವಿಮಾನದಲ್ಲಿ ಹಾರಿದ ಏಳು ಮಂದಿಯ ಕಥೆಯೇ ಮುಂದೆ ಬರುತ್ತದೆ. ಆದರೆ ಒಂದು ವಿಮಾನ ರಾತ್ರಿ ಮೇಲೇರಬೇಕಾದರೆ ಹಗಲೆಲ್ಲ ಅದರ ಕೆಳಗೆ ಬಿದ್ದು ದುಡಿದವರು ಅನೇಕರು. ಹಾರಿದವರ ಯುದ್ಧ ಕೆಲವು ತಿಂಗಳಲ್ಲಿ ಹೇಗೋ ಒಂದು ಬಗೆಯಲ್ಲಿ ಮುಗಿಯುತ್ತಿತ್ತು. ನೆಲದಲ್ಲಿದ್ದವರದು ವರ್ಷಗಟ್ಟಲೆ ನಡೆಯಿತು.

ಹಗಲಿನಿಂದ ಇರುಳಿಗೆ

ಯುದ್ಧದ ಮೊದಲ ತಿಂಗಳುಗಳಲ್ಲಿ ಬ್ರಿಟಿಷ್ ಬಾಂಬರ್‌ಗಳು ಹಗಲು ಹೊತ್ತಿನಲ್ಲೇ ಹೋಗುತ್ತಿದ್ದವು. ಗುಂಪಾಗಿ ಹಾರಿದರೆ ತಮ್ಮ ಬಂದೂಕುಗಳೇ ತಮ್ಮನ್ನು ಕಾಯುತ್ತವೆ ಎಂಬ ನಂಬಿಕೆ ಅಧಿಕಾರಿಗಳಿಗಿತ್ತು. 1939ರ ಡಿಸೆಂಬರ್ 18ರಂದು ಹೆಲಿಗೋಲ್ಯಾಂಡ್ ಕೊಲ್ಲಿಯತ್ತ ಮುಂದುವರಿದ 22 ವೆಲಿಂಗ್ಟನ್ ವಿಮಾನಗಳಲ್ಲಿ 12 ನಾಶವಾದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಪಡೆ ಇರುಳಿಗೆ ತಿರುಗಿತು. ಕತ್ತಲಲ್ಲಿ ವಿಮಾನಕ್ಕೆ ರಕ್ಷಣೆ ಸಿಕ್ಕಿತು ನಿಜ, ಆದರೆ ಗುರಿಯೂ ಕಾಣದಾಯಿತು. 1941ರ ಆಗಸ್ಟಿನ ಬಟ್ ವರದಿ ವಿಮಾನಗಳು ತೆಗೆದ ಚಿತ್ರಗಳನ್ನು ಪರೀಕ್ಷಿಸಿ, ಗುರಿ ಮುಟ್ಟಿದೆವೆಂದು ಹೇಳಿಕೊಂಡ ಮೂರು ವಿಮಾನಗಳಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಬಂದಿತ್ತು ಎಂದು ತೋರಿಸಿತು. ಹೊಗೆ ಮುಸುಕಿದ ರೂರ್ ಕಣಿವೆಯಲ್ಲಿ ಹತ್ತಕ್ಕೆ ಒಂದು.

ಕಾರ್ಖಾನೆಯೊಂದನ್ನು ಗುರಿಯಿಟ್ಟು ಹೊಡೆಯಲಾಗದಿದ್ದರೆ ಊರನ್ನೇ ಗುರಿಯಾಗಿಸುವ ನೀತಿಗೆ ಬ್ರಿಟನ್ ಇಳಿದದ್ದು ಈ ಹಿನ್ನೆಲೆಯಲ್ಲಿ. 1942ರ ಫೆಬ್ರವರಿಯಲ್ಲಿ ದಂಡನಾಯಕನಾಗಿ ಬಂದ ಆರ್ಥರ್ ಹ್ಯಾರಿಸ್ ಆ ನೀತಿಯನ್ನು ಹಟದಿಂದ ನಡೆಸಿದ. ಮೇ 30ರ ರಾತ್ರಿ ಕಲೋನ್ ನಗರದ ಮೇಲೆ ಸಾವಿರಕ್ಕೂ ಹೆಚ್ಚು ವಿಮಾನಗಳು ಹೋದವು. ಆ ಸಂಖ್ಯೆ ತುಂಬಿಸಲು ತರಬೇತಿ ಕೇಂದ್ರಗಳ ವಿಮಾನಗಳನ್ನೂ, ಕಲಿಯುತ್ತಿದ್ದ ಹುಡುಗರನ್ನೂ ಎಳೆದುಕೊಂಡಿದ್ದರು. ಅದೇ ವರ್ಷ ನಾಲ್ಕು ಎಂಜಿನ್ನಿನ ಲ್ಯಾಂಕಾಸ್ಟರ್ ಬಳಕೆಗೆ ಬಂತು. ಒಟ್ಟು 7,377 ಲ್ಯಾಂಕಾಸ್ಟರ್‌ಗಳು ತಯಾರಾದವು. ಇಲ್ಲಿ ಹೇಳುವ ಅನುಭವ ಬಹುಮಟ್ಟಿಗೆ ಅದರದೇ.

ಏಳು ಮಂದಿ

ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್, ಬಾಂಬು ಬಿಡುವವ, ವೈರ್‌ಲೆಸ್ ಆಪರೇಟರ್, ಬೆನ್ನ ಮೇಲಿನ ಗನ್ನರ್, ಬಾಲದ ಗನ್ನರ್: ಇದು ಒಂದು ಲ್ಯಾಂಕಾಸ್ಟರ್‌ನ ಸಂಸಾರ. ಇವರನ್ನು ಒಟ್ಟುಗೂಡಿಸುತ್ತಿದ್ದ ರೀತಿ ಸೈನ್ಯದ ಶಿಸ್ತಿಗೆ ಹೊಂದುವಂಥದಲ್ಲ. ತರಬೇತಿ ಮುಗಿಸಿದವರನ್ನು ಒಂದು ಹ್ಯಾಂಗರಿಗೆ ಬಿಟ್ಟು, ನಿಮ್ಮ ನಿಮ್ಮ ತಂಡ ನೀವೇ ಮಾಡಿಕೊಳ್ಳಿ ಎನ್ನುತ್ತಿದ್ದರು. ಕಬಡ್ಡಿಗೆ ಹುಡುಗರು ಗುಂಪು ಕಟ್ಟಿಕೊಳ್ಳುವ ಹಾಗೆ ಮುಖ ನೋಡಿ, ಒಂದೆರಡು ಮಾತಾಡಿ ಕೂಡಿಕೊಳ್ಳುತ್ತಿದ್ದರು. ಫ್ಲೈಟ್ ಎಂಜಿನಿಯರ್ ಸಾಮಾನ್ಯವಾಗಿ ಆಮೇಲೆ, ದೊಡ್ಡ ವಿಮಾನದ ತರಬೇತಿಯ ಹೊತ್ತಿಗೆ ಬಂದು ಸೇರುತ್ತಿದ್ದ. ಹೀಗೆ ಕೂಡಿದ ತಂಡಗಳು ಗಟ್ಟಿಯಾಗಿ ನಿಂತದ್ದನ್ನು ನೋಡಿದರೆ ಆ ಪದ್ಧತಿಯನ್ನು ತಂದವರಿಗೆ ಮನುಷ್ಯರ ಅರಿವು ಚೆನ್ನಾಗಿಯೇ ಇತ್ತು ಎನ್ನಬೇಕು.

ತಂಡದಲ್ಲಿ ದೇಶಗಳೂ ಬೆರೆತಿದ್ದವು. ಕೆನಡಾದವರದೇ ಒಂದು ಪ್ರತ್ಯೇಕ ಗ್ರೂಪ್ ಇತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡಿನ ಹುಡುಗರು ಬಹಳ. ಕೆರಿಬಿಯನ್ ದ್ವೀಪಗಳಿಂದ, ಭಾರತದಿಂದ ಬಂದವರೂ ಅಲ್ಲಲ್ಲಿ ಇದ್ದರು. ಇಂದಿನ ಗಯಾನಾದ ಸೈ ಗ್ರಾಂಟ್ 103ನೇ ಸ್ಕ್ವಾಡ್ರನ್ನಿನಲ್ಲಿ ನ್ಯಾವಿಗೇಟರ್ ಆಗಿದ್ದು 1943ರಲ್ಲಿ ಸೆರೆಸಿಕ್ಕ. ಯುದ್ಧದ ನಂತರ ನಟ, ಗಾಯಕನಾಗಿ ಹೆಸರಾದ. ವಿಮಾನದೊಳಗೆ ಹುದ್ದೆಯ ಮೇಲುಕೀಳು ನಡೆಯುತ್ತಿರಲಿಲ್ಲ. ಪೈಲಟ್ ಸಾರ್ಜೆಂಟನಾಗಿದ್ದು ನ್ಯಾವಿಗೇಟರ್ ಅಧಿಕಾರಿಯಾಗಿದ್ದರೂ ಗಾಳಿಯಲ್ಲಿ ಪೈಲಟ್‌ನ ಮಾತೇ ಕಡೆಯ ಮಾತು. ನೆಲಕ್ಕಿಳಿದ ಕೂಡಲೇ ಊಟದ ಮನೆಗಳು ಬೇರೆ ಬೇರೆ.

ಒಬ್ಬೊಬ್ಬರ ಪಾಲಿಗೆ ಮೂವತ್ತು ದಾಳಿಗಳು ಬರುತ್ತಿದ್ದವು. ಅದು ಮುಗಿದರೆ ಕೆಲವು ತಿಂಗಳ ಬಿಡುವು, ಬಹುತೇಕ ತರಬೇತಿ ಕೇಂದ್ರದಲ್ಲಿ ಮೇಷ್ಟರ ಕೆಲಸ. ಮತ್ತೆ ಕರೆದರೆ ಇನ್ನಿಪ್ಪತ್ತು. ಪ್ರತಿ ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನಗಳು ಬಿದ್ದರೆ ಮೂವತ್ತನ್ನು ಮುಗಿಸಿ ಉಳಿಯುವವರು ನೂರಕ್ಕೆ 29. ಐದು ಬಿದ್ದರೆ 21. ಈ ಗುಣಾಕಾರವನ್ನು ಅಧಿಕಾರಿಗಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನ್ಯಾವಿಗೇಟರ್‌ಗಳಂಥ ಲೆಕ್ಕಬಲ್ಲವರಿಗೆ ಹೇಳಿಕೊಡಬೇಕಾದ್ದೂ ಇರಲಿಲ್ಲ. ದಾಳಿಗೆ ಹೋಗುವ ಮೊದಲೇ ತರಬೇತಿಯ ಅಪಘಾತಗಳಲ್ಲಿ ಸತ್ತವರೇ ಐದು ಸಾವಿರಕ್ಕೂ ಹೆಚ್ಚು.

ಒಂದು ರಾತ್ರಿ

ಬೆಳಿಗ್ಗೆ ಹೈ ವಿಕೊಂಬ್‌ನ ಮುಖ್ಯ ಕಚೇರಿಯಿಂದ ಗುರಿಯ ಆಜ್ಞೆ ಬರುತ್ತಿದ್ದಂತೆ ವಿಮಾನನೆಲೆಯಿಂದ ಹೊರಗೆ ಫೋನ್ ಮಾಡುವುದು ನಿಲ್ಲುತ್ತಿತ್ತು, ಗೇಟು ಮುಚ್ಚುತ್ತಿತ್ತು. ಊರು ಯಾವುದೆಂದು ಹಾರುವವರಿಗೆ ಇನ್ನೂ ಗೊತ್ತಿಲ್ಲ. ಆದರೆ ಎಷ್ಟು ಪೆಟ್ರೋಲು, ಯಾವ ಬಾಂಬು ಎಂಬುದು ನೆಲಸಿಬ್ಬಂದಿಗೆ ಗೊತ್ತಾಗಿರುತ್ತಿತ್ತು. ಟ್ಯಾಂಕು ತುಂಬಿಸಿ, ಬಾಂಬು ಕಡಿಮೆ ಏರಿಸಿದರೆ ದಾರಿ ದೂರ, ಬರ್ಲಿನ್ನೇ ಇರಬೇಕು ಎಂದು ಅವರು ಊಹಿಸುತ್ತಿದ್ದರು. ಸಂಜೆ ಬ್ರೀಫಿಂಗ್ ಕೋಣೆಯಲ್ಲಿ ನಕ್ಷೆಯ ಪರದೆ ಸರಿಸಿದಾಗ ದಾರಿ ತೋರಿಸುವ ಪಟ್ಟಿ ಎಲ್ಲಿಯವರೆಗೆ ಹೋಗಿದೆ ಎಂಬುದರ ಮೇಲೆ ಸಭೆಯಲ್ಲಿ ನಿಟ್ಟುಸಿರೋ ನರಳಾಟವೋ ಏಳುತ್ತಿತ್ತು.

ಹಾರುವ ಮೊದಲು ಮೊಟ್ಟೆ, ಹಂದಿಮಾಂಸದ ಊಟ. ದೇಶದ ಉಳಿದವರಿಗೆ ರೇಷನ್ನಿನಲ್ಲಿ ವಾರಕ್ಕೊಂದು ಮೊಟ್ಟೆ ಸಿಗುವುದು ಕಷ್ಟವಾಗಿದ್ದ ಕಾಲ ಅದು. ನೀನು ಬಾರದಿದ್ದರೆ ನಿನ್ನ ಮೊಟ್ಟೆ ನನಗೆ ಎಂಬ ಹಾಸ್ಯ ಎಲ್ಲ ನೆಲೆಗಳಲ್ಲೂ ಓಡುತ್ತಿತ್ತು. ಆಮೇಲೆ ಜೇಬು ಖಾಲಿ ಮಾಡಬೇಕು: ಬಸ್ ಟಿಕೆಟ್, ಕಾಗದ, ಸಿನಿಮಾ ಚೀಟಿ, ಸೆರೆಸಿಕ್ಕರೆ ಶತ್ರುವಿಗೆ ಸುಳಿವಾಗುವ ಯಾವುದೂ ಇರಬಾರದು. ಪ್ಯಾರಾಶೂಟ್ ಮಡಿಸಿ ಕೊಡುತ್ತಿದ್ದವರು ಮಹಿಳಾ ಸಹಾಯಕ ಪಡೆಯ ಹೆಣ್ಣುಮಕ್ಕಳು. ಲಾರಿ ಹತ್ತಿ ವಿಮಾನದ ಬಳಿ ಹೋದ ಮೇಲೆ ಬಾಲದ ಗಾಲಿಗೆ ಮೂತ್ರ ಹೊಯ್ಯುವುದು ಎಷ್ಟೋ ತಂಡಗಳ ಶಾಸ್ತ್ರ. ಕೆಲವರ ಬಳಿ ಮೊಲದ ಕಾಲು, ಕೆಲವರ ಬಳಿ ಹುಡುಗಿಯ ಕಾಲುಚೀಲ. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ತಮ್ಮ ಜಾಣತನದಿಂದ ತಪ್ಪಿಸಲಾಗದ ಸಾವಿನ ಎದುರು ಅವರು ಮತ್ತೇನು ತಾನೇ ಹಿಡಿದುಕೊಳ್ಳಬೇಕಿತ್ತು?

ಸುಮಾರು 20,000 ಅಡಿ ಎತ್ತರದಲ್ಲಿ ಬಾಲದ ಗನ್ನರ್‌ಗೆ ಮೈನಸ್ 40 ಡಿಗ್ರಿಯ ಚಳಿ. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೆಟ್ಟರೆ ಬೆರಳು ಮರಗಟ್ಟಿ ಹೋಗುತ್ತಿದ್ದವು. ಗಾಜಿನಂಥ ಪರ್ಸ್ಪೆಕ್ಸ್ ಹಲಗೆಯ ಮೇಲಿನ ಒಂದು ಕಲೆ ಕತ್ತಲಲ್ಲಿ ಶತ್ರು ವಿಮಾನದಂತೆ ಕಾಣುತ್ತದೆಂದು ಎಷ್ಟೋ ಗನ್ನರ್‌ಗಳು ಎದುರಿನ ಹಲಗೆಯನ್ನೇ ತೆಗೆಸಿ, ಬರಿಗಾಳಿಗೆ ಮುಖವೊಡ್ಡಿ ಕೂತರು. ನ್ಯಾವಿಗೇಟರ್ ಪರದೆಯೊಳಗೆ ದೀಪ ಹಚ್ಚಿಕೊಂಡು ಗುಣಿಸುತ್ತಲೇ ಇರುತ್ತಿದ್ದ. ಗುರಿಯ ಮೇಲೆ ಹೋದಾಗಲೂ ತಲೆಯೆತ್ತಿ ಹೊರಗೆ ನೋಡದವರಿದ್ದರು.

ಬಾಂಬು ಬಿಟ್ಟೊಡನೆ ತಿರುಗಿ ಓಡುವಂತಿರಲಿಲ್ಲ. ಬಾಂಬು ಎಲ್ಲಿ ಬಿತ್ತೆಂಬ ಚಿತ್ರ ಬರುವ ತನಕ ಸುಮಾರು ಅರ್ಧ ನಿಮಿಷ ಅಲುಗದೆ ನೇರ ಹಾರಬೇಕು. ಕೆಳಗೆ ಬೆಂಕಿ, ಸುತ್ತ ಸರ್ಚ್‌ಲೈಟ್, ಸಿಡಿಯುವ ಫಿರಂಗಿ ಗುಂಡು. ಆ ಅರ್ಧ ನಿಮಿಷವೇ ಇಡೀ ರಾತ್ರಿಯಲ್ಲಿ ಅತಿ ಉದ್ದದ್ದು ಎಂದು ಬದುಕಿ ಬಂದವರು ಮತ್ತೆ ಮತ್ತೆ ಹೇಳಿದ್ದಾರೆ. ಸರ್ಚ್‌ಲೈಟುಗಳ ಗೊಂಚಲಿಗೆ ಸಿಕ್ಕಿಬಿದ್ದರೆ, ಇಲ್ಲವೆ ಬೇಟೆಯ ವಿಮಾನ ಬೆನ್ನುಹತ್ತಿದರೆ ಪೈಲಟ್ ತುಂಬಿದ ಲ್ಯಾಂಕಾಸ್ಟರನ್ನು ತಿರುಪಿನ ಹಾಗೆ ಎಡಕ್ಕೆ ಇಳಿಸಿ, ಬಲಕ್ಕೆ ಏರಿಸಿ ತಪ್ಪಿಸಿಕೊಳ್ಳಲು ನೋಡುತ್ತಿದ್ದ.

ಅನುಭವಸ್ಥರು ಹೆಚ್ಚು ಉಳಿಯುತ್ತಾರೆ ಎಂಬುದು ಪಡೆಯ ಅಧಿಕೃತ ಮಾತು. 1943ರಲ್ಲಿ ಮುಖ್ಯ ಕಚೇರಿಯ ಸಂಶೋಧನಾ ವಿಭಾಗಕ್ಕೆ ಸೇರಿದ ಹತ್ತೊಂಬತ್ತರ ಹುಡುಗ ಫ್ರೀಮನ್ ಡೈಸನ್ (ಮುಂದೆ ದೊಡ್ಡ ಭೌತವಿಜ್ಞಾನಿಯಾದವನು) ಅಂಕಿಗಳನ್ನು ಜಾಲಾಡಿದಾಗ ಆ ಮಾತಿಗೆ ಆಧಾರ ಸಿಗಲಿಲ್ಲ. ಹೊಸಬ, ಹಳಬ ಇಬ್ಬರೂ ಒಂದೇ ಪ್ರಮಾಣದಲ್ಲಿ ಸಾಯುತ್ತಿದ್ದರು. ಕಾರಣ ಪೂರ್ತಿ ತಿಳಿದದ್ದು ತಡವಾಗಿ: ಜರ್ಮನ್ ವಿಮಾನಗಳು ಮೇಲ್ಮುಖವಾಗಿ ಓರೆಯಾಗಿಟ್ಟ ಫಿರಂಗಿಗಳೊಂದಿಗೆ ಬಾಂಬರ್‌ನ ಹೊಟ್ಟೆಯ ಕೆಳಗೆ ಬಂದು ನಿಂತು ಹೊಡೆಯುತ್ತಿದ್ದವು. ಕೆಳಗೆ ನೋಡಲು ಲ್ಯಾಂಕಾಸ್ಟರ್‌ನಲ್ಲಿ ಯಾರಿಗೂ ಸರಿಯಾದ ಕಿಂಡಿಯಿರಲಿಲ್ಲ. ಡೈಸನ್ ಮತ್ತು ಅವನ ಸಹೋದ್ಯೋಗಿಗಳ ಗಮನಕ್ಕೆ ಬಂದ ಇನ್ನೊಂದು ಸಂಗತಿ ಇನ್ನೂ ಚಿಕ್ಕದು. ಬಿದ್ದ ಲ್ಯಾಂಕಾಸ್ಟರ್‌ನಿಂದ ಹೊರಹಾರಿ ಬದುಕಿದವರ ಪ್ರಮಾಣ ಪಡೆಯ ಇನ್ನೊಂದು ಬಾಂಬರ್ ಹ್ಯಾಲಿಫ್ಯಾಕ್ಸ್‌ಗಿಂತ ತೀರ ಕಡಿಮೆ. ಹಾರಿಕೊಳ್ಳುವ ಮುಂದಿನ ಬಾಗಿಲು ಹ್ಯಾಲಿಫ್ಯಾಕ್ಸಿನಲ್ಲಿ 24 ಅಂಗುಲ ಅಗಲ, ಲ್ಯಾಂಕಾಸ್ಟರ್‌ನಲ್ಲಿ 22. ದಪ್ಪ ಉಡುಪು, ಎದೆಗೆ ಕಟ್ಟಿದ ಪ್ಯಾರಾಶೂಟ್, ಉರುಳುತ್ತಿರುವ ವಿಮಾನ: ಎರಡಂಗುಲಕ್ಕೆ ಎಷ್ಟು ಜೀವ ಹೋದವೋ. ಬಾಗಿಲನ್ನು ದೊಡ್ಡದು ಮಾಡಿಸುವ ಪ್ರಯತ್ನ ಕಚೇರಿಗಳ ನಡುವೆ ಅಲೆದಾಡುವಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು.

ಅತಿ ಕೆಟ್ಟ ರಾತ್ರಿ 1944ರ ಮಾರ್ಚ್ 30. ನ್ಯೂರೆಂಬರ್ಗಿಗೆ ಹೋದ 795 ವಿಮಾನಗಳಲ್ಲಿ 95 ಮರಳಲಿಲ್ಲ. ಅದಕ್ಕೆ ಆರು ದಿನ ಮೊದಲು ಬರ್ಲಿನ್ ದಾಳಿಯಿಂದ ಮರಳುವಾಗ ನಿಕೊಲಸ್ ಆಲ್ಕೆಮೇಡ್ ಎಂಬ ಬಾಲದ ಗನ್ನರ್, ಪ್ಯಾರಾಶೂಟ್ ಸುಟ್ಟುಹೋದದ್ದನ್ನು ಕಂಡು, ಬೆಂಕಿಗಿಂತ ಬೀಳುವುದೇ ಮೇಲೆಂದು 18,000 ಅಡಿಯಿಂದ ಅದಿಲ್ಲದೆಯೇ ಹಾರಿದ. ಪೈನ್ ಮರಗಳ ಕೊಂಬೆ, ಅದರಡಿಯ ಹಿಮ ಅವನನ್ನು ಉಳಿಸಿದವು. ಕಾಲು ಉಳುಕಿತ್ತು ಅಷ್ಟೆ. ಗೂಢಚಾರನೆಂದು ಶಂಕಿಸಿದ ಜರ್ಮನರು ವಿಮಾನದ ಅವಶೇಷದಲ್ಲಿ ಪ್ಯಾರಾಶೂಟಿನ ಚೂರು ಸಿಕ್ಕ ಮೇಲೆ ನಂಬಿದರು. ಇಂಥ ಪವಾಡಗಳನ್ನೇ ಜನ ನೆನಪಿಡುತ್ತಾರೆ, ಅದು ಸಹಜ. ಅದೇ ವರ್ಷದ ಜೂನ್‌ನಲ್ಲಿ ಕೆನಡಾದ ಆಂಡ್ರ್ಯೂ ಮಿನಾರ್ಸ್ಕಿ, ಸಿಕ್ಕಿಕೊಂಡಿದ್ದ ಬಾಲದ ಗನ್ನರ್‌ನನ್ನು ಬಿಡಿಸಲು ಉರಿಯೊಳಗೆ ನಿಂತು ಹೆಣಗಿ, ತನ್ನ ಬಟ್ಟೆಗೇ ಬೆಂಕಿ ಹತ್ತಿದ ಮೇಲೆ ಹಾರಿ ಸತ್ತ. ಅವನು ಬಿಡಿಸಲಾಗದೆ ಬಿಟ್ಟುಬಂದವನು ವಿಮಾನದ ಜತೆ ನೆಲಕ್ಕಪ್ಪಳಿಸಿಯೂ ಬದುಕಿದ, ನಡೆದದ್ದನ್ನು ಲೋಕಕ್ಕೆ ಹೇಳಿದ. ಮಿನಾರ್ಸ್ಕಿಗೆ ವಿಕ್ಟೋರಿಯಾ ಕ್ರಾಸ್ ಬಂತು.

ಮರಳಿ ಬಂದವರಿಗೂ ನೆಲದಲ್ಲಿ ಮಂಜು ಕಾದಿರುತ್ತಿತ್ತು. 1943ರ ಡಿಸೆಂಬರ್ 16ರ ರಾತ್ರಿ ಬರ್ಲಿನ್ನಿನಿಂದ ಬಂದ ವಿಮಾನಗಳು ತಮ್ಮ ನಾಡಿನಲ್ಲೇ ರನ್‌ವೇ ಕಾಣದೆ ಒಂದರ ಹಿಂದೊಂದು ನೆಲಕ್ಕಪ್ಪಳಿಸಿದವು. ರನ್‌ವೇಯ ಎರಡೂ ಕಡೆ ಕೊಳವೆಗಳಲ್ಲಿ ಪೆಟ್ರೋಲು ಉರಿಸಿ ಮಂಜು ಕರಗಿಸುವ ಏರ್ಪಾಡು ಕೆಲವು ನೆಲೆಗಳಲ್ಲಿ ಮಾತ್ರ ಇತ್ತು.

ಅಂಜಿದವರು

ಇನ್ನು ಹಾರಲಾರೆ ಎಂದವನ ಕಡತದ ಮೇಲೆ ಎಲ್‌ಎಂಎಫ್ ಎಂಬ ಮೂರಕ್ಷರ ಬೀಳುತ್ತಿತ್ತು, ಮನೋಸ್ಥೈರ್ಯವಿಲ್ಲದವನು ಎಂದು. ಎದೆಯ ಮೇಲಿನ ರೆಕ್ಕೆಯ ಗುರುತು ಕಿತ್ತು, ಪಟ್ಟಿ ಇಳಿಸಿ, ಗೆಳೆಯರ ಕಣ್ಣಿಗೆ ಬೀಳದಂತೆ ಅದೇ ದಿನ ಬೇರೆಡೆಗೆ ಸಾಗಿಸುತ್ತಿದ್ದರು. ಇಪ್ಪತ್ತು ದಾಳಿ ಮುಗಿಸಿ ಕುಸಿದವನಿಗೂ ಮೊದಲನೆಯದಕ್ಕೇ ಹಿಂಜರಿದವನಿಗೂ ಒಂದೇ ಹಣೆಪಟ್ಟಿ ಹಚ್ಚಿದ ಸಂದರ್ಭಗಳಿದ್ದವು. ಕೆಲವು ಸ್ಕ್ವಾಡ್ರನ್ನಿನ ವೈದ್ಯರು, ದಂಡನಾಯಕರು ಕರುಣೆಯಿಂದ ಅನಾರೋಗ್ಯದ ಕಾರಣ ಬರೆದು ಉಳಿಸಿದರು. ಒಟ್ಟು ಪಡೆಯಲ್ಲಿ ಈ ಪ್ರಕರಣಗಳು ಬಹಳ ಕಡಿಮೆ. ಆದರೆ ಅದರ ಹೆದರಿಕೆ ಎಲ್ಲರ ಮೇಲೂ ಇತ್ತು. ಸಾವಿಗಿಂತ ಈ ಮೂರಕ್ಷರಕ್ಕೆ ಅಂಜಿ ಹಾರಿದವರು ಅನೇಕರು.

ನೆಲದವರು

ವಿಮಾನಗಳನ್ನು ಒಂದೆಡೆ ನಿಲ್ಲಿಸಿದರೆ ಶತ್ರುವಿಗೆ ಸುಲಭವೆಂದು ಬಯಲಿನ ಅಂಚಿನಲ್ಲಿ ದೂರ ದೂರ ನಿಲ್ಲಿಸುತ್ತಿದ್ದರು. ಲಿಂಕನ್‌ಷೈರ್, ಯಾರ್ಕ್‌ಷೈರ್‌ಗಳ ಬೋಳು ಬಯಲಲ್ಲಿ ಚಳಿಗಾಳಿಗೆ ಅಡ್ಡವೇ ಇಲ್ಲ. ಒಂದೊಂದು ವಿಮಾನಕ್ಕೆ ಒಂದೊಂದು ಸಣ್ಣ ತಂಡ: ಎಂಜಿನ್ ನೋಡುವ ಫಿಟ್ಟರ್‌ಗಳು, ಮೈಕಟ್ಟು ನೋಡುವ ರಿಗ್ಗರ್‌ಗಳು. ವಿದ್ಯುತ್ತು, ಉಪಕರಣ, ವೈರ್‌ಲೆಸ್, ಮದ್ದುಗುಂಡಿನವರು ಸರದಿಯಲ್ಲಿ ಬಂದುಹೋಗುತ್ತಿದ್ದರು. ಹಳೆ ಪೆಟ್ಟಿಗೆಯ ಹಲಗೆ, ತಗಡು ಕೂಡಿಸಿ ತಾವೇ ಕಟ್ಟಿಕೊಂಡ ಗುಡಿಸಲೊಂದು ಪಕ್ಕದಲ್ಲಿ. ಅದರೊಳಗೆ ಬಳಸಿದ ಎಣ್ಣೆ ಉರಿಸುವ ಒಲೆ, ಅದರ ಮೇಲೆ ಚಹಾ.

ಎಂಜಿನ್ನಿನ ಸಂದಿಗಳಲ್ಲಿ ಕೈ ತೂರಿಸಿ ಚಿಕ್ಕ ನಟ್ಟು ಬಿಗಿಯಲು ಕೈಗವಸು ಬರುವುದಿಲ್ಲ. ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದರೆ ಚಳಿಗೆ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತಿತ್ತು. ರೆಕ್ಕೆಯ ಮೇಲಿನ ಹಿಮ ಗುಡಿಸುವುದು, ಕತ್ತಲಲ್ಲಿ ಟಾರ್ಚಿಗೆ ಬಟ್ಟೆ ಸುತ್ತಿ ಕೆಲಸ ಮಾಡುವುದು, ಬಾಂಬಿನ ಗಾಡಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತರುವುದು. ಆ ಟ್ರ್ಯಾಕ್ಟರುಗಳನ್ನು ಓಡಿಸಿದವರಲ್ಲಿ ಹೆಣ್ಣುಮಕ್ಕಳಿದ್ದರು. ಎಲ್ಲ ತುಂಬಿ ಮುಗಿಸಿದ ಮೇಲೆ ದಾಳಿ ರದ್ದೆಂಬ ಸುದ್ದಿ ಬಂದರೆ ಹಾರುವವರು ಪಬ್ಬಿಗೆ ಓಡುತ್ತಿದ್ದರು, ನೆಲದವರು ಹತ್ತಿಸಿದ ಬಾಂಬನ್ನೆಲ್ಲ ಮತ್ತೆ ಇಳಿಸಬೇಕಿತ್ತು. ಬಾಂಬು ಇಳಿಸುವಾಗ, ಫ್ಯೂಸ್ ಜೋಡಿಸುವಾಗ ಸಿಡಿದು ಸತ್ತವರಿದ್ದಾರೆ. 1945ರ ಏಪ್ರಿಲ್ 17ರಂದು ಈಸ್ಟ್ ಕಿರ್ಕ್‌ಬಿಯಲ್ಲಿ ಬಾಂಬು ತುಂಬಿದ ಲ್ಯಾಂಕಾಸ್ಟರ್ ಹೊತ್ತಿಕೊಂಡು ಸಿಡಿದಾಗ ಸುತ್ತಲಿನ ವಿಮಾನಗಳೂ ಹಾಳಾದವು.

ಹಾರುವ ಮೊದಲು ಪೈಲಟ್ 700ನೇ ನಮೂನೆಯಲ್ಲಿ ಸಹಿ ಹಾಕುತ್ತಿದ್ದ. ನಿನ್ನ ವಿಮಾನ ಸರಿಯಾಗಿದೆ ಎಂದು ಫಿಟ್ಟರ್, ರಿಗ್ಗರ್ ಮೊದಲೇ ಹಾಕಿದ ಸಹಿಗಳ ಕೆಳಗೆ ಅವನದು. ಎರಡೂ ಪಂಗಡಗಳ ನಂಟನ್ನು ಆ ಒಂದು ಹಾಳೆಯಲ್ಲಿ ಕಾಣಬಹುದು. ವಿಮಾನ ಯಾರದು ಎಂದರೆ ನೆಲದವರು ತಮ್ಮದೇ ಎನ್ನುತ್ತಿದ್ದರು. ಹಾರುವವರಿಗೆ ರಾತ್ರಿ ಸಾಲ ಕೊಡುತ್ತೇವೆ, ಗೀರಿಲ್ಲದೆ ತನ್ನಿ ಎಂದು ಛೇಡಿಸುತ್ತಿದ್ದರು. ಪ್ರತಿ ದಾಳಿಗೊಂದು ಬಾಂಬಿನ ಚಿತ್ರವನ್ನು ಮೂತಿಯ ಮೇಲೆ ಬರೆಯುತ್ತಿದ್ದವರೂ ಅವರೇ. ಲಂಡನ್ನಿನ ಹೆಂಡನ್ ವಸ್ತುಸಂಗ್ರಹಾಲಯದಲ್ಲಿರುವ ಆರ್5868 ಲ್ಯಾಂಕಾಸ್ಟರ್‌ನ ಮೇಲೆ ಅಂಥ ಗುರುತುಗಳ ಸಾಲುಸಾಲು ಇದೆ. ಅದು 137 ದಾಳಿ ಮುಗಿಸಿತು. ಅಷ್ಟು ಕಾಲ ಒಂದು ವಿಮಾನ ಬಾಳಿದ್ದು ಅಪರೂಪ.

ವಿಮಾನ ಹೊರಟಮೇಲೆ ಮಲಗಬಹುದಿತ್ತು, ಮಲಗುತ್ತಿರಲಿಲ್ಲ. ನಸುಕಿಗೆ ಎಂಜಿನ್ನಿನ ಸದ್ದು ಕೇಳಿದೊಡನೆ ಎಣಿಕೆ ಶುರು. ತಮ್ಮದು ಬಾರದಿದ್ದರೆ ಖಾಲಿ ಜಾಗದಲ್ಲಿ ನಿಂತು ಕಾಯುವುದು, ಬೇರೆ ನೆಲೆಯಲ್ಲಿ ಇಳಿದಿರಬಹುದೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ತಾನು ಬಿಗಿದ ಯಾವುದೋ ನಟ್ಟು ಸಡಿಲವಾಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಸಿಗುವ ಬಗೆಯೇ ಇರಲಿಲ್ಲ. ಒಂದೆರಡು ದಿನದಲ್ಲಿ ಹೊಸ ವಿಮಾನ, ಹೊಸ ಏಳು ಮುಖಗಳು. ಕೆಲವರು ಹೀಗೆ ಹತ್ತಾರು ತಂಡಗಳನ್ನು ಕಳುಹಿಸಿಕೊಟ್ಟರು. ಕಡೆಕಡೆಗೆ ಹೊಸಬರ ಹೆಸರು ಕೇಳದಿರುವುದೇ ಒಳ್ಳೆಯದೆನ್ನಿಸಿತ್ತು ಅವರಿಗೆ. ಇನ್ನೊಂದು ಕಡೆ, ಬಾರದವರ ಪೆಟ್ಟಿಗೆ ಬಿಚ್ಚಿ ಸಾಮಾನು ಪಟ್ಟಿಮಾಡುವ ತಂಡ ಬೆಳಿಗ್ಗೆಯೇ ಬರುತ್ತಿತ್ತು. ಮನೆಯವರು ನೋಡಬಾರದ ಕಾಗದಗಳನ್ನು ತೆಗೆದು ಹಾಕಿ, ಉಳಿದುದನ್ನು ಕಳುಹಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಮಂಚ ಬೇರೆಯವರದು.

ಕೋಲಾರ, ಬೆಂಗಳೂರು

ಬಾಂಬರ್ ಕಮಾಂಡಿನ ವ್ಯಾಪ್ತಿ ಯೂರೋಪು. ಬರ್ಮಾದಲ್ಲಿದ್ದ ಜಪಾನೀಯರ ಮೇಲಿನ ದಾಳಿ ಬೇರೆ ಪಡೆಯದು. ಆದರೂ ಕೆಲಸ, ಬದುಕು ಅದೇ, ಹವೆಯೊಂದು ತಲೆಕೆಳಗು. ಈ ಪೂರ್ವದ ಯುದ್ಧರಂಗದ ದೊಡ್ಡ ವಿಮಾನ ಅಮೆರಿಕದಲ್ಲಿ ತಯಾರಾದ ಲಿಬರೇಟರ್. ಅದನ್ನು ಹಾರಿಸಲು ಕಲಿಸುವ 1673ನೇ ತರಬೇತಿ ಘಟಕ ಕೋಲಾರದಲ್ಲಿತ್ತು. ವೆಲಿಂಗ್ಟನ್ ಹಾರಿಸುತ್ತಿದ್ದ ಸ್ಕ್ವಾಡ್ರನ್ನುಗಳು ಇಲ್ಲಿ ಬಂದು ಲಿಬರೇಟರ್‌ಗೆ ಬದಲಾದವು. 358ನೇ ಸ್ಕ್ವಾಡ್ರನ್ ಹುಟ್ಟಿದ್ದೇ 1944ರ ನವೆಂಬರಿನಲ್ಲಿ ಕೋಲಾರದಲ್ಲಿ. ಪೂರ್ವದ ಯುದ್ಧರಂಗದಲ್ಲಿ ಶತ್ರುವಿಗಿಂತ ದೂರವೇ ದೊಡ್ಡ ಎದುರಾಳಿ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂಗಾಳದ ದಿಗ್ರಿಯಿಂದ ಹೊರಟ 159ನೇ ಸ್ಕ್ವಾಡ್ರನ್ನಿನ ಲಿಬರೇಟರ್‌ಗಳು ಮಲಯದ ಪೆನಾಂಗ್ ಬಂದರಿನಲ್ಲಿ ಮೈನ್ ಬಿಟ್ಟು ಬಂದವು: ಹೋಗಿ ಬರುವ ದಾರಿ 3,000 ಮೈಲಿಗೂ ಹೆಚ್ಚು. ಇಲ್ಲಿ ನೆಲದವರಿಗೆ ಲೋಹ ಚಳಿಗೆ ಅಂಟುತ್ತಿರಲಿಲ್ಲ, ಬಿಸಿಲಿಗೆ ಸುಡುತ್ತಿತ್ತು. ಮಲೇರಿಯಾ, ಆಮಶಂಕೆ ಜಪಾನೀಯರಿಗಿಂತ ಹೆಚ್ಚು ಜನರನ್ನು ಮಲಗಿಸುತ್ತಿದ್ದವು.

ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಯುದ್ಧದಲ್ಲಿ ಜಖಂಗೊಂಡ ಸಾಗಣೆ ವಿಮಾನ, ಬಾಂಬರ್‌ಗಳ ದುರಸ್ತಿಯಲ್ಲಿ ಸುತ್ತಮುತ್ತಲಿನ ಸಾವಿರಾರು ಜನ ಕೈಪಳಗಿಸಿಕೊಂಡರು. ಆ ಕೈಚಳಕ ಆಮೇಲೆ ಕೆಲಸಕ್ಕೆ ಬಂತು. ಬ್ರಿಟಿಷರು ಹೋಗುವಾಗ ಕಾನ್ಪುರದಲ್ಲಿ ಬೇಕೆಂದೇ ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ ಬೆಂಗಳೂರಿಗೆ ತಂದು, ಪೂರ್ತಿ ರಿಪೇರಿ ಮಾಡಿಕೊಟ್ಟರು. ಅವುಗಳಿಂದಲೇ 1948ರಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ನಿಂತಿತು. 1968ರವರೆಗೆ ಲಿಬರೇಟರ್‌ಗಳು ಇಲ್ಲಿ ಹಾರಿದವು. ಇಂದು ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಕೆಲವು ಲಿಬರೇಟರ್‌ಗಳು ಭಾರತ ಕೊಟ್ಟವೇ.

ಯುದ್ಧದ ನಂತರ

ಬಾಂಬು ಬಿದ್ದ ಕಡೆಯ ಅನುಭವ ಈ ಲೇಖನದ ವಿಷಯವಲ್ಲವಾದರೂ ಅದನ್ನು ಬಿಟ್ಟು ಸಿಬ್ಬಂದಿಯ ಮನಸ್ಸನ್ನು ತಿಳಿಯಲಾಗದು. 1943ರ ಜುಲೈಯಲ್ಲಿ ಹ್ಯಾಂಬರ್ಗಿನ ಬೆಂಕಿ ಬಿರುಗಾಳಿಯಾಗಿ ಎದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನಲ್ಲಿ ಸುಮಾರು 25,000. ಮೇಲಿನಿಂದ ಅದು ಕೆಂಪು ಹೊಳಪಾಗಿ ಮಾತ್ರ ಕಾಣುತ್ತಿತ್ತು. ಕೆಲವರು ಅದನ್ನು ಕೆಲಸವೆಂದು ಮರೆತರು, ಕೆಲವರಿಗೆ ಮುಪ್ಪಿನಲ್ಲಿ ಅದೇ ಕಾಡಿತು. ಅದೇ ಸಿಬ್ಬಂದಿ ಯುದ್ಧದ ಕಡೆಯ ದಿನಗಳಲ್ಲಿ ಹಸಿದ ಹಾಲೆಂಡಿನ ಮೇಲೆ ಅದೇ ವಿಮಾನಗಳಿಂದ ಆಹಾರದ ಚೀಲಗಳನ್ನು ಬೀಳಿಸಿತು, ಬಿಡುಗಡೆಯಾದ ಸೆರೆಯಾಳುಗಳನ್ನು ಊರಿಗೆ ತಂದಿತು.

ಯುದ್ಧ ಗೆದ್ದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ಈ ಪಡೆಯ ಹೆಸರೆತ್ತುವುದೇ ಮುಜುಗರವಾಯಿತು. ನೀತಿಯನ್ನು ಒಪ್ಪಿ ನಡೆಸಿದವರು ಮಂತ್ರಿಗಳು, ನಾಚಿಕೆ ಬಂದದ್ದು ಹಾರಿದವರ ಪಾಲಿಗೆ, ಇದನ್ನು ನ್ಯಾಯವೆನ್ನಲಾಗದು. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ. ಮರುವರ್ಷ ಪದಕದ ಪಟ್ಟಿಗೆ ಸಿಕ್ಕಿಸಿಕೊಳ್ಳುವ ಒಂದು ಚಿಕ್ಕ ಲೋಹದ ಗುರುತನ್ನು ಸರ್ಕಾರ ಮಂಜೂರು ಮಾಡಿತು, ಅದೂ ಹಾರಿದವರಿಗೆ ಮಾತ್ರ. ನೆಲಸಿಬ್ಬಂದಿಗೆ ಯುದ್ಧ ಮುಗಿದಾಗ ಸಿಕ್ಕದ್ದು ಡಿಫೆನ್ಸ್ ಮೆಡಲ್, ಊರು ಕಾಯುವ ಹೋಂ ಗಾರ್ಡಿನವರಿಗೂ ಕೊಟ್ಟಂಥದ್ದು. ಅದನ್ನು ಅವಮಾನವೆಂದು ಬಹಿರಂಗವಾಗಿ ಜಗಳವಾಡಿದ ದೊಡ್ಡ ಅಧಿಕಾರಿ ಆರ್ಥರ್ ಹ್ಯಾರಿಸ್.